ಗಾಳಿಯಿಂದ ಹಿಂಡಿದ ನೀರು

ಶಿರಾದಲ್ಲಿ ಮನೆ ಮಾಡಿಕೊಂಡು, ಮನೆಯೊಳಗೆ ತೇವ ಹೆಚ್ಚಾಯಿತೆಂದು ಗೋಳಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಮಳೆಗಾಗಿ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡವರ ನಡುವೆ ಕೂತು ‘ನಮ್ಮ ಗೋಡೆ ಬೆವರುತ್ತಿದೆ’ ಎನ್ನುವುದು, ಮದುವೆಮನೆಯಲ್ಲಿ ಹೋಳಿಗೆ ಜಾಸ್ತಿ ಬಡಿಸಿದರೆಂದು ಜಗಳ ತೆಗೆದ ಹಾಗೆ. ನಾನು ಆ ಜಗಳ ತೆಗೆದವಳು. ಭೌತಶಾಸ್ತ್ರ ಪಾಠ ಮಾಡುವ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಒಮ್ಮೆ ಬಾಯಿಬಿಟ್ಟೆ. ತಾವರೆಕೆರೆ ಕಡೆಯಿಂದ ಬರುವ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿಯ ಮುಚ್ಚಳ ನಿಧಾನವಾಗಿ ಮುಚ್ಚಿ, “ಒಂದಷ್ಟು ನಮ್ ಹೊಲಕ್ಕೂ ಕಳ್ಸಿಕೊಡಿ ಮೇಡಂ” ಎಂದರು. ಅಲ್ಲಿಂದ ಮುಂದೆ ನಮ್ಮ ತೇವದ ಸುದ್ದಿಯನ್ನು ನಾನು ಹೊರಗೆ ಎತ್ತಲಿಲ್ಲ.

ತಪ್ಪು ನಮ್ಮದೇ. ಸೈಟು ಕೊಳ್ಳುವಾಗ ಕೆರೆ ಒಣಗಿ ಎಷ್ಟು ಕಾಲವಾಗಿತ್ತೆಂದರೆ, ಒಳಗೆ ಕ್ರಿಕೆಟ್ ಆಡುತ್ತಿದ್ದ ಹುಡುಗರ ಅಪ್ಪಂದಿರೂ ಅಲ್ಲೇ ಕ್ರಿಕೆಟ್ ಆಡಿ ಬೆಳೆದವರು. ಹಾಗಾಗಿ ಏರಿಯ ಹಿಂದಿನ ತಗ್ಗಿನಲ್ಲಿ ನಿಶ್ಚಿಂತೆಯಿಂದ ಮನೆ ಕಟ್ಟಿದೆವು. ಕೆರೆಯೆಂಬುದು ತುಂಬುವ ವಸ್ತು ಎಂಬುದನ್ನು ಮರೆಯುವುದು ನಮ್ಮ ಸೀಮೆಯವರಿಗೆ ಮಾತ್ರ ಸಾಧ್ಯ. ಆಮೇಲೊಂದು ವರ್ಷ ಮಳೆ ಹಿಡಿಯಿತು, ನಾಲೆಯ ನೀರೂ ಬಂತು, ಕೆರೆ ಕೋಡಿ ಬಿತ್ತು. ಊರಿಗೂರೇ ಬಾಗಿನ ಬಿಡಲು ಹೊರಟಾಗ ನಾನೂ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ರೇಷ್ಮೆ ಸೀರೆ ಎಂದು ನೆನಪು. ನಮ್ಮ ಯಜಮಾನರು ವಾಯಿಲ್ ಸೀರೆ ಎನ್ನುತ್ತಾರೆ. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಆ ದಿನಚರಿಯಲ್ಲಿ ಯಾವಾಗಲೂ ನಾನು ಹೇಳಿದ್ದೇ ಸರಿಯಾಗಿರುವುದರಿಂದ ಅದನ್ನೂ ಪೂರ್ತಿ ನಂಬುವುದು ಕಷ್ಟ. ಸೀರೆ ಯಾವುದಾದರೂ ಆಗಲಿ, ಬೀರುವಿನಲ್ಲಿ ಅದಕ್ಕೆ ಬೂಷ್ಟು ಹಿಡಿದದ್ದಂತೂ ನಿಜ. ಕೆರೆಯ ಜವುಗು ನೆಲದಡಿಯಿಂದ ಹತ್ತಿ ಗೋಡೆಗೆ ಬಂತು, ಗೋಡೆಯಿಂದ ಗಾಳಿಗೆ ಬಂತು. ಉಪ್ಪು ಡಬ್ಬಿಯೊಳಗೇ ಗಟ್ಟಿಯಾಯಿತು. ಮಳೆಗಾಲದಲ್ಲಿ ಹುರಿಗಡಲೆ ಬಾಯಿಗೆ ಹಾಕಿಕೊಂಡರೆ ನೆನೆಸಿದ ಕಾಳು ತಿಂದ ಹಾಗಿರುತ್ತಿತ್ತು.

ಇಷ್ಟನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಅತ್ತೆಯ ಉಬ್ಬಸ. ಗೋಡೆಯ ಬೂಷ್ಟೇ ಇದಕ್ಕೆ ಕಾರಣವಿರಬೇಕು, ಮನೆ ಒಣಗಿಸಿ, ಇಲ್ಲವೇ ಇವರನ್ನು ಒಣ ಜಾಗದಲ್ಲಿಡಿ ಎಂದು ಡಾಕ್ಟರು ಹೇಳಿದರು. ಒಣ ಜಾಗವೇನೋ ಸಿದ್ಧವಾಗಿಯೇ ಇತ್ತು. ಮೈದುನ ಮಾರುತಿ ಪಾವಗಡದಿಂದ ಫೋನು ಮಾಡಿ, “ಅತ್ಗೆ, ಅಮ್ಮನ್ನ ಇಲ್ಲಿಗೇ ಕಳ್ಸ್ಬುಡಿ. ಇಲ್ಲಿ ಗಾಳಿ ಸುಟ್ಟ ಹಪ್ಪಳ ಇದ್ದಂಗೈತೆ. ದೀಪಾವಳಿಗೆ ಕಾರ್ ತಗಂಡ್ ಬತ್ತೀನಿ” ಎಂದ. ಅತ್ತೆಗೆ ಹೋಗಲು ಮನಸ್ಸಿರಲಿಲ್ಲ. ಆ ಸೀಮೆಯಲ್ಲಿ ಬುದ್ಧಿ ಬಂದಾಗಿನಿಂದ ಬಿಂದಿಗೆ ಹೊತ್ತವರು ಅವರು. ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ನೋಡುತ್ತಾರೆ, ಆಮೇಲೆ ಪಾತ್ರೆ ಹಿಡಿಯುತ್ತಾರೆ. ನನಗೂ ಅವರನ್ನು ಕಳಿಸುವ ಮನಸ್ಸಿರಲಿಲ್ಲ. ಅದು ಪ್ರೀತಿಯೋ, ಮೈದುನನ ಮುಂದೆ ಸೋಲಬಾರದೆಂಬ ಹಠವೋ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಹೊಳೆಯದಿದ್ದುದರಿಂದ, ಎರಡಕ್ಕೂ ಆಗುತ್ತದೆಂದು ಯಂತ್ರ ತರಿಸಿದೆ.

ಡಿಹ್ಯುಮಿಡಿಫೈಯರ್ ಎಂಬ ಆ ಯಂತ್ರವನ್ನು ಮಂಗಳೂರಿನ ಗೆಳತಿಯ ಮನೆಯಲ್ಲಿ ನೋಡಿದ್ದೆ. ಕೋಣೆಗೊಂದು ಬೇಕಾಗಿಲ್ಲ, ಇಡೀ ಮನೆಗೆ ಒಂದೇ ಸಾಕು. ಅಟ್ಟದ ಮೇಲೆ ಕೂತು, ದಪ್ಪ ಕೊಳವೆಗಳಿಂದ ಎಲ್ಲ ಕೋಣೆಗಳ ಗಾಳಿಯನ್ನು ಎಳೆದುಕೊಳ್ಳುತ್ತದೆ. ತಣ್ಣನೆಯ ಚೊಂಬಿನ ಹೊರಮೈಯಲ್ಲಿ ಹನಿ ಕಟ್ಟುವ ಹಾಗೆ ಅದರೊಳಗಿನ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ನೀರು ಹನಿಯಾಗಿ ಇಳಿಯುತ್ತದೆ. ಒಣಗಿದ ಗಾಳಿ ಕೊಂಚ ಬೆಚ್ಚಗಾಗಿ ಮನೆಗೆ ಮರಳುತ್ತದೆ, ನೀರು ಸಣ್ಣ ಪೈಪಿನಲ್ಲಿ ಹೊರಗಿನ ಚರಂಡಿಗೆ ಹೋಗುತ್ತದೆ. ಜೋಡಿಸಲು ಬಂದವರು ಊರಿನ ಫ್ರಿಜ್ಜು, ಕೂಲರುಗಳನ್ನೆಲ್ಲ ರಿಪೇರಿ ಮಾಡುವ ನಯಾಜ್ ಭಾಯ್. ಅವರು ಯಂತ್ರದ ಸುತ್ತ ಎರಡು ಸಲ ತಿರುಗಿ, “ಇಷ್ಟು ವರ್ಷ ಕೂಲರ್ ಇಟ್ಟು ಮನೇಗೆ ನೀರಿನ ಹವಾ ಬಿಟ್ಟೆ ಮೇಡಂ. ಈಗ ನೀವು ಉಲ್ಟಾ ಮಾಡು ಅಂತೀರ. ಆಯ್ತು, ಅದೂ ಮಾಡೋಣ” ಎಂದರು.

ಯಂತ್ರದ ಜೊತೆ ನನ್ನ ಕಾನೂನುಗಳೂ ಜಾರಿಗೆ ಬಂದವು. ಮನೆಯೊಳಗೆ ಬಟ್ಟೆ ಒಣಗಿಸುವಂತಿಲ್ಲ. ಅನ್ನದ ಪಾತ್ರೆ ತೆರೆದಿಡುವಂತಿಲ್ಲ. ಸ್ನಾನ ಮುಗಿದ ಮೇಲೆ ಬಚ್ಚಲಿನ ಬಾಗಿಲು ಹಾಕಲೇಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನು, ಹಗಲು ಹೊತ್ತಿನಲ್ಲಿ ಮುಂಬಾಗಿಲು ಮುಚ್ಚಿರಬೇಕು. ನಮ್ಮ ಬೀದಿಯಲ್ಲಿ ಹಗಲು ಬಾಗಿಲು ಮುಚ್ಚಿದ್ದರೆ ಒಳಗೆ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ ಎಂದರ್ಥ. ಎದುರುಮನೆಯ ಸರೋಜಕ್ಕ ಮೂರನೆಯ ದಿನ ಹಾಲಿಗೆ ಹೆಪ್ಪು ಕೇಳುವ ನೆವದಲ್ಲಿ ಬಂದು, ನನ್ನ ಮುಖವನ್ನೂ ಯಜಮಾನರ ಮುಖವನ್ನೂ ಒಂದಾದ ಮೇಲೊಂದು ಪರೀಕ್ಷಿಸಿ, ಗಂಡಸರ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಸಮಾಧಾನ ಹೇಳಿ ಹೋದರು. ಹೆಪ್ಪು ಮರೆತೇ ಹೋದರು.

ಹಾಲಿನ ಗೋಡೆಗೆ ತೇವ ಅಳೆಯುವ ಗಡಿಯಾರದಂಥ ಮಾಪಕವೊಂದನ್ನು ತೂಗುಹಾಕಿದ್ದೆ. ಮುಳ್ಳು ಐವತ್ತರ ಹತ್ತಿರ ಬರಬೇಕಿತ್ತು. ಅದು ಎಪ್ಪತ್ತರ ಆಚೆ ಕಾಲು ಚಾಚಿ ಕೂತಿತ್ತು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕೊಂಚ ಇಳಿದಿರುತ್ತಿತ್ತು, ಸಂಜೆ ಬರುವ ಹೊತ್ತಿಗೆ ಮತ್ತೆ ಏರಿರುತ್ತಿತ್ತು. ಅತ್ತೆಯ ಎದೆಯ ಸಿಳ್ಳೂ ಹಾಗೆಯೇ ಉಳಿಯಿತು. ನಯಾಜ್ ಭಾಯ್ ಮೊದಲು ಯಂತ್ರದೊಳಗಿನ ಗ್ಯಾಸ್ ಮೇಲೆ ಅನುಮಾನಪಟ್ಟರು, ಆಮೇಲೆ ಗೋಡೆಯ ಮೇಲೆ, ಕೊನೆಗೆ ಕೆರೆಯ ಮೇಲೆ. ನಾನು ಯಜಮಾನರ ಸ್ನಾನದ ಮೇಲೆ ಅನುಮಾನಪಟ್ಟು ಅವರ ಬಿಸಿನೀರನ್ನು ಅರ್ಧ ಬಕೆಟ್ಟಿಗೆ ಇಳಿಸಿದೆ. ಸ್ನಾನದ ಮನೆಯಿಂದ ಬರುತ್ತಿದ್ದ ಅವರ ಹಾಡು ನಿಂತಿತು. ದೀಪಾವಳಿ ಹತ್ತಿರವಾಗುತ್ತಿತ್ತು. ಬಿಡಬಾರದು ಎಂದು ದಿನಚರಿಯಲ್ಲಿ ಬರೆದು ಅಡಿಗೆರೆ ಹಾಕಿದೆ.

ಒಂದು ದಿನ ಪರೀಕ್ಷೆಯ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಮುಂಬಾಗಿಲು ಕಾನೂನಿನಂತೆ ಮುಚ್ಚಿತ್ತು. ಒಳಗೆ ಹೋದರೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಇಳಿಬಿಟ್ಟಿದೆ. ಪಾವಗಡದ ಬೇಸಿಗೆಯಲ್ಲಿ ಮನೆ ತಂಪಾಗಿಸುವ ಪದ್ಧತಿ ಅದು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಬಟ್ಟೆಯನ್ನು ಹಿಂಡದೆ, ಹಾಲಿನ ನೆಲವನ್ನು ಧಾರಾಳವಾಗಿ ಒರೆಸುತ್ತಿದ್ದಾರೆ. ಪಕ್ಕದಲ್ಲಿ ನೀಲಿ ಬಕೆಟ್ಟು. ಚರಂಡಿಗೆ ಹೋಗಬೇಕಾದ ಯಂತ್ರದ ಪೈಪು ಬಚ್ಚಲಿನ ಕಡೆ ತಿರುಗಿದೆ. ಯಂತ್ರ ಜೋಡಿಸಿದ ವಾರದಲ್ಲೇ ನಯಾಜ್ ಭಾಯ್ ಮತ್ತೆ ಬಂದಾಗ, ನಾನು ಒಳಗೆ ಟೀ ಕಾಯಿಸುತ್ತಿದ್ದಾಗ, ಅತ್ತೆಯೇ ಹೇಳಿ ಮಾಡಿಸಿದ್ದರಂತೆ. ಮನೆ ಹಿರಿಯರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ ಎಂದು ಭಾಯ್ ಆಮೇಲೆ ನನ್ನನ್ನೇ ಕೇಳಿದರು.

ನಾನು ಬಾಗಿಲಲ್ಲೇ ನಿಂತು, “ಅತ್ತೆ, ಏನ್ ಮಾಡ್ತಿದ್ದೀರ ಇದು?” ಎಂದೆ.

“ಮಿಷನ್ನು ಮನೆ ಬಿಸಿ ಮಾಡ್ತದೆ ಕಣಮ್ಮ. ವಸಿ ತಂಪು ಮಾಡ್ತಿದ್ದೆ. ನಲ್ಲಿ ನೀರ್ ಮುಟ್ಟಿಲ್ಲ ಬುಡು, ಎಲ್ಲಾ ಮಿಷನ್ನಿಂದೇ.”

ಆ ನೀರು ನಮ್ಮ ಮನೆಯ ಗಾಳಿಯದೇ, ಅದನ್ನು ಹೊರಗೆ ಹಾಕುವುದಕ್ಕೇ ಯಂತ್ರ ದುಡಿಯುತ್ತಿರುವುದು, ನೆಲಕ್ಕೆ ಹಾಕಿದರೆ ಮತ್ತೆ ಗಾಳಿಗೆ ಸೇರುತ್ತದೆ, ಮತ್ತೆ ನಿಮ್ಮ ಎದೆಗೆ ಸೇರುತ್ತದೆ ಎಂದು ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಅವರು ಒಳ್ಳೆಯ ವಿದ್ಯಾರ್ಥಿಯಂತೆ ಪೂರ್ತಿ ಕೇಳಿದರು.

“ಅಂಗಾದ್ರೆ ನಮ್ ಮನೇದೇ ನೀರು ಅನ್ನು. ನಮ್ ಮನೆ ನೀರ್ನ ಚರಂಡಿಗ್ ಬುಡು ಅಂತೀಯಲ್ಲಮ್ಮ, ನಿಂಗೆ ಹೆಂಗೆ ಮನ್ಸ್ ಬತ್ತದೆ?” ಎಂದರು. ಆಮೇಲೆ ದನಿ ತಗ್ಗಿಸಿ, “ನೀಳ್ಳಮ್ಮಾ ಇದು, ನೀಳ್ಳು” ಎಂದರು. ತೆಲುಗು ಅವರ ಬಾಯಿಗೆ ಬರುವುದು ಮನಸ್ಸಿಗೆ ನಾಟಿದಾಗ ಮಾತ್ರ.

ಭೌತಶಾಸ್ತ್ರದ ಪಾಠವನ್ನು ಅಲ್ಲಿಗೇ ಬಿಟ್ಟೆ. ಆದರೆ ನನಗೂ ಹಠವಿತ್ತು, ಅವರಿಗೂ ಇತ್ತು. ಎರಡು ಹಠಗಳು ಕೂತು ಒಂದು ಒಪ್ಪಂದಕ್ಕೆ ಬಂದವು. ಪೈಪು ಚರಂಡಿಗೂ ಹೋಗಬಾರದು, ಬಚ್ಚಲಿಗೂ ಬರಬಾರದು. ಬಕೆಟ್ಟು ಹಿತ್ತಲಿನಲ್ಲಿರಬೇಕು, ನೀರು ಹಿತ್ತಲಿನ ಕರಿಬೇವು, ದಾಸವಾಳಕ್ಕೆ ಹೋಗಬೇಕು, ಹೊಸಿಲು ದಾಟಿ ಒಂದು ಹನಿಯೂ ಒಳಗೆ ಬರಬಾರದು. ನಯಾಜ್ ಭಾಯ್ ಪೈಪನ್ನು ಮೂರನೆಯ ಸಲ ತಿರುಗಿಸಿ, ಇನ್ನು ಯಾರು ಹೇಳಿದರೂ ಮುಟ್ಟುವುದಿಲ್ಲವೆಂದು ಇಬ್ಬರ ಎದುರಿಗೇ ಹೇಳಿ ಹೋದರು.

ಮುಳ್ಳು ಇಳಿಯತೊಡಗಿತು. ಗೋಡೆಯ ಕಪ್ಪು ಕಲೆಗಳನ್ನು ಕೆರೆದು ಸುಣ್ಣ ಬಳಿಸಿದೆ. ಕ್ರಮೇಣ ಅತ್ತೆ ದಿಂಬಿಗೆ ಒರಗದೆ ಮಲಗಿ ನಿದ್ದೆ ಮಾಡುವಂತಾದರು. ಯಜಮಾನರಿಗೆ ಬಿಸಿನೀರನ್ನೂ ಹಾಡನ್ನೂ ವಾಪಸ್ಸು ಕೊಟ್ಟೆ. ದೀಪಾವಳಿಗೆ ಮೈದುನ ಕಾರು ತಂದಾಗ ಅವನಿಗೆ ತೋರಿಸಲು ಮಾಪಕ, ಗೋಡೆ, ಡಾಕ್ಟರ ಮಾತು, ಮೂರನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವನನ್ನು ಕೈಹಿಡಿದು ಹಿತ್ತಲಿಗೆ ಕರೆದೊಯ್ದರು.

“ನೋಡ್ಲಾ. ಗಾಳಿಯಿಂದ ಬಂದಿರೋ ನೀರು. ಇದನ್ ಬುಟ್ಟು ನಾನು ಎಲ್ಲಿಗ್ ಬರ್ಲಿ? ಈ ಮಿಷನ್ನು ನೀರ್ ಕೊಡೋಗಂಟ ನಾನಿಲ್ಲೇ.”

ಮಾರುತಿ ಬಕೆಟ್ಟಿನಲ್ಲಿ ಬೆರಳು ಅದ್ದಿ ನೋಡಿದ. ಅಮ್ಮನನ್ನು ಕರೆದೊಯ್ಯುವ ಮಾತು ಬಿಟ್ಟು, ಇಂಥದ್ದೊಂದು ಪಾವಗಡಕ್ಕೆ ತರಿಸಿದರೆ ದಿನಕ್ಕೆ ಎಷ್ಟು ಬಿಂದಿಗೆ ಸಿಕ್ಕೀತು ಎಂದು ನನ್ನನ್ನು ವಿಚಾರಿಸಿದ. ನಿಮ್ಮೂರ ಗಾಳಿಯಲ್ಲಿ ಹಿಂಡುವುದಕ್ಕೇನೂ ಇಲ್ಲ ಎಂದು ತಿಳಿಸುವಷ್ಟರಲ್ಲಿ ಸಾಕಾಯಿತು. ಸಂಕ್ರಾಂತಿಗೆ ಮತ್ತೆ ಬಂದು ನೋಡುತ್ತೇನೆಂದು ಹೋದ. ನಾವು ಗೆದ್ದೆವು ಎಂದು ಅಂದು ದಿನಚರಿಯಲ್ಲಿ ಬರೆದೆ. ಅತ್ತೆ ಉಳಿದದ್ದು ಸೊಸೆಗಾಗಿ ಎಂದೂ ಬರೆಯಲು ಹೊರಟು, ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕೆಂಬ ನಿಯಮ ನೆನಪಾಗಿ, ಬಕೆಟ್ಟಿಗಾಗಿ ಎಂದು ಬರೆದೆ.

ಈಗ ಕಾರ್ತಿಕ ಕಳೆದು ಒಣಗಾಳಿ ಶುರುವಾಗಿದೆ. ಮುಳ್ಳು ಐವತ್ತರ ಕೆಳಗೆ ಆರಾಮವಾಗಿ ನಿಂತಿದೆ. ನಾನು ಬಯಸಿದ್ದು ಇದನ್ನೇ. ಆದರೆ ಮನೆ ಒಣಗಿದಷ್ಟೂ ಬಕೆಟ್ಟು ಬರಿದಾಗುತ್ತದೆಂಬ ಲೆಕ್ಕ ಭೌತಶಾಸ್ತ್ರ ಓದಿದವಳಿಗೆ ಮೊದಲೇ ಹೊಳೆಯಬೇಕಿತ್ತು. ಹೋದ ವಾರ ಅತ್ತೆ ಬಕೆಟ್ಟಿನ ತಳ ಇಣುಕಿ ನೋಡಿ, ಮಿಷನ್ನು ಸೊರಗಿದಂಗೈತೆ ಎಂದು ನಿಟ್ಟುಸಿರುಬಿಟ್ಟರು. ಸಂಕ್ರಾಂತಿ ದೂರವಿರಲಿಲ್ಲ. ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ, ಅವರು ಪೂಜೆಗೆ ಕೂತಿದ್ದಾಗ, ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ಸದ್ದಾಗದಂತೆ ಹಿತ್ತಲಿನ ಬಕೆಟ್ಟಿಗೆ ಸುರಿದೆ. ಅಂದಿನಿಂದ ಅದೇ ರೂಢಿಯಾಗಿದೆ. ನಾನು ಸುರಿಯುವುದು ಒಂದೇ ಚೊಂಬು, ಅದರಲ್ಲಿ ಅನುಮಾನವಿಲ್ಲ. ನಿನ್ನೆ ಸಂಜೆ ನೋಡಿದರೆ ಬಕೆಟ್ಟು ಅರ್ಧಕ್ಕಿಂತ ಮೇಲಿತ್ತು. ಯಜಮಾನರನ್ನು ಕೇಳಬೇಕೆಂದಿದ್ದೆ. ಕೇಳಿದರೆ ಅವರೂ ನನ್ನನ್ನು ಕೇಳುತ್ತಾರೆಂದು ಸುಮ್ಮನಾದೆ.