ಸೊಟ್ಟ ಸೊಂಟದ ಗಿಟಾರೂ ನಮ್ಮ ಮಾವನೂ

ನಮ್ಮ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು. ಒಂದು, ಸುಟ್ಟುಹೋದ ಮೋಟರು. ಇನ್ನೊಂದು, ಇನ್ನೇನು ಸುಟ್ಟುಹೋಗಲಿರುವ ಮೋಟರು. ಅರಸೀಕೆರೆಯಲ್ಲಿ ಅವರದು ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಸಣ್ಣ ಅಂಗಡಿ. ಸುತ್ತಿ ಸುತ್ತಿ ಕೊನೆಗೆ ಅವರಿಗೆ ಎಲ್ಲವೂ ಮೋಟರಾಗಿಯೇ ಕಾಣಿಸುತ್ತಿತ್ತು. ಅತ್ತೆಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿ, "ಓವರ್‌ಲೋಡು, ಒಂದೆರಡು ದಿನ ಆಫ್ ಮಾಡ್ಬೇಕು" ಎನ್ನುವರು. ನನ್ನ ಅಕ್ಕನಿಗೆ ಗಂಡು ನೋಡಲು ಹೋದಾಗ ಎಲ್ಲರೂ ಹುಡುಗನನ್ನು ನೋಡುತ್ತಿದ್ದರೆ ಇವರೊಬ್ಬರು ತಲೆಯೆತ್ತಿ ಫ್ಯಾನನ್ನು ನೋಡುತ್ತಿದ್ದರು. "ಹುಡುಗ ಹೆಂಗವ್ನೆ ಅಣ್ಣ?" ಎಂದು ಅಮ್ಮ ಪಿಸುಗುಟ್ಟಿದರೆ, "ಬೇರಿಂಗ್ ಹೋಗೈತೆ" ಎಂದುಬಿಟ್ಟರು. ಹುಡುಗನ ತಾಯಿಗೆ ಅದು ಕೇಳಿಸಿತು. ಆ ಸಂಬಂಧ ಅಲ್ಲಿಗೇ ಮುಗಿಯಿತು ಎಂದು ಬೇರೆ ಹೇಳಬೇಕೆ?

ಇಂಥವರನ್ನು ಗಿಟಾರ್ ಕೊಳ್ಳಲು ಯಾರಾದರೂ ಜೊತೆಗೆ ಕರೆದುಕೊಂಡು ಹೋಗುತ್ತಾರೆಯೇ? ನಾನೂ ಕರೆಯಲಿಲ್ಲ. ಅವರೇ ಬಂದರು.

ಆಗ ನಾನು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದೆ. ತಲೆಗೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ಅದಕ್ಕೆ ಒಪ್ಪುವಂತೆ ಕೈಯಲ್ಲೊಂದು ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು. ರಜೆಗೆ ಅರಸೀಕೆರೆಯ ಮನೆಗೆ ಬಂದಿದ್ದಾಗ, ಬೇಲೂರಿನಲ್ಲಿ ಮದುವೆ ಆರ್ಕೆಸ್ಟ್ರಾ ನಡೆಸುತ್ತಿದ್ದ ಒಬ್ಬರು ತಮ್ಮ ಹಳೆಯ ಗಿಟಾರನ್ನು ಕಡಿಮೆ ಬೆಲೆಗೆ ಮಾರುತ್ತಾರೆಂದು ಸುದ್ದಿ ಬಂತು. ಅಮ್ಮ ಅದನ್ನು ತನ್ನ ಅಣ್ಣನಿಗೆ ಹೇಳುವಾಗ 'ಎಲೆಕ್ಟ್ರಿಕ್' ಎಂಬ ಮಾತೊಂದನ್ನು ನುಂಗಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಮಾವ ನನಗಿಂತ ಮೊದಲೇ ಬಂದು ನಿಂತಿದ್ದರು. ಮೈಮೇಲೆ ಗ್ರೀಸು ಹತ್ತಿದ ಅಂಗಿ, ಕಂಕುಳಲ್ಲಿ ಖಾಲಿ ರಾಗಿ ಚೀಲ, ಕೊರಳಲ್ಲಿ ಗೋಣಿದಾರಕ್ಕೆ ಕಟ್ಟಿದ ಕರೆಂಟ್ ಮೀಟರು.

"ಕರೆಂಟಿನ ಸಾಮಾನು ಕಣ್ಲಾ. ನೋಡ್ದೆ ತಗಬಾರ್ದು" ಎಂದರು.

ಬೇಲೂರಿನ ಆ ಮನೆಯಲ್ಲಿ ಗಿಟಾರ್ ನೋಡಿದ ಕೂಡಲೇ ನಾನು ಸೋತುಹೋದೆ. ಆಕಾಶನೀಲಿ ಬಣ್ಣ. ಎಲ್ಲ ಗಿಟಾರುಗಳ ಹಾಗೆ ಎರಡು ಕಡೆ ಸಮನಾಗಿರದೆ, ಯಾರೋ ಹಿಡಿದು ಓರೆಯಾಗಿ ಎಳೆದಂತೆ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಇದನ್ನು ಆಫ್‌ಸೆಟ್ ಅನ್ನುತ್ತಾರೆಂದು ಎಲ್ಲೋ ಓದಿದ್ದೆ. ನನಗೆ ಗೊತ್ತಿದ್ದುದು ಅಷ್ಟೇ.

"ಸೊಂಟ ಸೊಟ್ಟಗೈತಲ್ಲ, ಬಿದ್ದಿತ್ತಾ?" ಎಂದು ಕೇಳಿದರು ಮಾವ.

"ಅದರ ಡಿಸೈನೇ ಹಾಗೆ ಯಜಮಾನ್ರೇ" ಎಂದರು ಆರ್ಕೆಸ್ಟ್ರಾದವರು.

ಮಾವ ನಂಬಲಿಲ್ಲ. ಗಿಟಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಕತ್ತಿನುದ್ದಕ್ಕೂ ನೋಡಿ, "ಶಾಫ್ಟ್ ಬೆಂಡಿಲ್ಲ" ಎಂದರು. ಕಿವಿಗಿಟ್ಟು ಅಲ್ಲಾಡಿಸಿದರು. ತಂತಿಗಳ ಕೆಳಗೆ ಮೂಗಿಟ್ಟು ಮೂಸಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಆ ತಿಂಗಳ ಅಷ್ಟೂ ತಿಥಿಗಳನ್ನು ಓದಿ ಮುಗಿಸಿದೆ. ಆಮೇಲೆ ಮಾವ ಚಕ್ಕಳಮಕ್ಕಳ ಹಾಕಿ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಿತ್ತ ಜಾರಿಸಿ ನೋಡಿದರು.

"ಇದು ಕೂತ್ಕಂಡು ನುಡ್ಸೋರಿಗೆ ಮಾಡಿರಾದು ಕಣ್ಲಾ. ತೊಡೆ ಮ್ಯಾಲೆ ಜಾರ್ದಿರ್ಲಿ ಅಂತ ಸೊಂಟ ಸರ್ಸವ್ರೆ. ಯಾರೋ ಬುದ್ಧಿವಂತ ಮಾಡವ್ನೆ."

ಆರ್ಕೆಸ್ಟ್ರಾದವರ ಹುಬ್ಬು ಮೇಲೇರಿತು. ಹದಿನೈದು ವರ್ಷ ನುಡಿಸಿದ್ದ ಅವರಿಗೂ ಅದು ಹೊಳೆದಿರಲಿಲ್ಲವಂತೆ. ಅಷ್ಟರಲ್ಲಿ ಮಾವ ಕೊರಳಿನ ಮೀಟರು ತೆಗೆದು, ತಂತಿಗಳ ಕೆಳಗಿದ್ದ ಎರಡು ಪಿಕಪ್‌ಗಳನ್ನೂ ಪರೀಕ್ಷಿಸಿದರು. ತಂತಿಯ ಮಿಡಿತವನ್ನು ಕರೆಂಟಿಗೆ ದಾಟಿಸುವುದು ಅವೇ. ಒಂದಕ್ಕೆ ಮುಳ್ಳು ಆಡಿತು. ಇನ್ನೊಂದಕ್ಕೆ ಆಡಲಿಲ್ಲ.

"ಇದರೊಳಗೂ ತಂತಿ ಸುತ್ತಿದ ಕಾಯಿಲ್ಲೇ ಇರಾದು. ಒಂದು ಸತ್ತೈತೆ" ಎಂದರು. ಅವರ ಮುಖದಲ್ಲಿ ಎಂಥ ಸಂತೋಷ! ಕಡೆಗೂ ಅದೂ ಮೋಟರಿನ ಜಾತಿಯದೇ ಎಂದು ಸಾಬೀತಾಗಿತ್ತು. ಆರ್ಕೆಸ್ಟ್ರಾದವರು ನಾಚಿಕೊಂಡು ಬೆಲೆಯನ್ನು ಇನ್ನಷ್ಟು ಇಳಿಸಿದರು. ನಾನೊಬ್ಬನೇ ಬಂದಿದ್ದರೆ ಬಣ್ಣಕ್ಕೆ ದುಡ್ಡು ಕೊಟ್ಟು ಬರುತ್ತಿದ್ದೆ. ಆದರೆ ಆಗ ನನಗೆ ಅನ್ನಿಸಿದ್ದು ಕೃತಜ್ಞತೆಯಲ್ಲ, ಬೇಗ ಇಲ್ಲಿಂದ ಹೊರಟರೆ ಸಾಕು ಎಂದು.

ವಾಪಸು ಬರುವಾಗ ಗಿಟಾರ್ ರಾಗಿ ಚೀಲದಲ್ಲಿತ್ತು. ಕತ್ತು ಮಾತ್ರ ಹೊರಗೆ.

"ಏನ್ರೀ ಅದು?" ಎಂದ ಕಂಡಕ್ಟರು.

"ಕರೆಂಟ್ ವೀಣೆ" ಎಂದರು ಮಾವ.

"ಕರೆಂಟಿಂದಾದ್ರೆ ಲಗೇಜು" ಎಂದು ಟಿಕೆಟ್ ಹರಿದ.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ನನ್ನ ಇಬ್ಬರು ಸಹಪಾಠಿಗಳು ಹತ್ತಿದರು. ಬೆಂಗಳೂರಿನ ಹುಡುಗರು, ದೇವಸ್ಥಾನ ನೋಡಲು ಬಂದವರು ಅರಸೀಕೆರೆಯಲ್ಲಿ ರೈಲು ಹಿಡಿಯಲು ಹೊರಟಿದ್ದರು. ಹಾಸ್ಟೆಲಿನಲ್ಲಿ ಅವರ ಮುಂದೆ ನಾನು ನಮ್ಮ ಮನೆತನದ ಬಗ್ಗೆ ಬಿಟ್ಟಿದ್ದ ಬುರುಡೆಗೆ ಲೆಕ್ಕವಿರಲಿಲ್ಲ. ಅವರಲ್ಲೊಬ್ಬ, ಮಾವನ ಅಂಗಿಯನ್ನೂ ಕೊರಳಿನ ಗೋಣಿದಾರವನ್ನೂ ನೋಡಿ, "ಇವ್ರು ಯಾರೋ?" ಎಂದು ಮೆಲ್ಲಗೆ ಕೇಳಿದ.

"ಮೋಟರ್ ರಿಪೇರಿಯವ್ರು. ಗಿಟಾರ್ ಚೆಕ್ ಮಾಡಕ್ಕೆ ಬಂದಿದ್ರು" ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ.

ಮಾವ ಕಿಟಕಿಯಾಚೆ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡೆ. ಒಂದು ಗಳಿಗೆ ಬಿಟ್ಟು ಅವರು ಎದ್ದು ನಿಂತರು. "ಕೂತ್ಕಳಿ ಸಾರ್, ನಾನು ನಿಂತ್ಕತೀನಿ" ಎಂದು ನನ್ನ ಗೆಳೆಯನಿಗೆ ಸೀಟು ಬಿಟ್ಟುಕೊಟ್ಟರು. ನನ್ನತ್ತ ತಿರುಗಿ, "ಸಾಮಾನು ನಾನೇ ಹಿಡ್ಕಂಡಿರ್ತೀನಿ ಸಾರ್, ಕುಲುಕಾಟಕ್ಕೆ ಏಟು ಬಿದ್ದಾತು" ಎಂದರು.

ನನ್ನನ್ನು ಎತ್ತಿ ಆಡಿಸಿದವರು, ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿಸಿದವರು 'ಸಾರ್' ಅಂದರು. ಮುಖದಲ್ಲಿ ಕೋಪವಿಲ್ಲ, ಕೊಂಕಿಲ್ಲ. ಒಪ್ಪಿಸಿದ ಪಾತ್ರವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಜಾವಗಲ್‌ನಲ್ಲಿ ಕಡಲೆಕಾಯಿ ಕೊಂಡು ಮೂವರಿಗೂ ಹಂಚಿದರು. ನನ್ನ ಪಾಲನ್ನು ನಾನು ಸುಲಿಯದೆ ಜೇಬಿಗೆ ಹಾಕಿಕೊಂಡೆ. ಅರಸೀಕೆರೆಯಲ್ಲಿ ಇಳಿದಾಗ, "ಕಾಯಿಲ್ ಸುತ್ತಿ ಇಟ್ಟಿರ್ತೀನಿ, ಎಂಟ್ ದಿನ ಬಿಟ್ ಬನ್ನಿ ಸಾರ್" ಎಂದು ಚೀಲವನ್ನು ಹೆಗಲಿಗೇರಿಸಿ ಹೊರಟುಹೋದರು.

"ಪಾಪ, ಒಳ್ಳೆ ಮನುಷ್ಯ ಕಣೋ" ಎಂದ ಗೆಳೆಯ. "ಏನಾದ್ರೂ ಜಾಸ್ತಿ ಕೊಡು ಅವರಿಗೆ."

ರಜೆ ಇನ್ನೂ ಇತ್ತು. ಮನೆಯಲ್ಲೇ ಇದ್ದೆ, ಅಂಗಡಿಯ ಬೀದಿಗೆ ಮಾತ್ರ ತಲೆಹಾಕಲಿಲ್ಲ. ಎಂಟನೆಯ ದಿನ ಅಮ್ಮ, "ಅಣ್ಣ ರೈತ್ರ ಮೋಟರೆಲ್ಲ ಮೂಲೆಗಿಟ್ಟು ನಿನ್ನ ಗಿಟಾರ್ ಹಿಡ್ಕೊಂಡು ಕೂತವ್ನಂತೆ. ಕೂದಲೆಳೆಯಂಥ ತಂತಿಯಂತೆ, ಮೂರು ಸಲ ಕಡ್ದೋಯ್ತಂತೆ. ನೀನು ಒಂದ್ಸಲನಾದ್ರೂ ಹೋಗಿ ನೋಡಿದ್ಯಾ?" ಎಂದರು.

ಹೋದೆ. ಮಧ್ಯಾಹ್ನದ ಹೊತ್ತು. ಮಾವ ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು, ಬೆರಳಷ್ಟುದ್ದದ ಪಿಕಪ್ಪಿಗೆ ತಂತಿ ಸುತ್ತುತ್ತಾ ಬಾಯಲ್ಲಿ ಎಣಿಸುತ್ತಿದ್ದರು. ಎರಡು ಸಾವಿರ ದಾಟಿತ್ತು. ಏಳು ಸಾವಿರ ಸುತ್ತಬೇಕು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಬನ್ನಿ ಸಾರ್."

"ಮಾವ, ಹಂಗನ್ಬೇಡಿ. ಅವತ್ತು ಬಸ್ಸಲ್ಲಿ ನಾನು…"

ಮಾವ ಭೂತಗನ್ನಡಿ ಬಿಚ್ಚಿ ಪಕ್ಕಕ್ಕಿಟ್ಟರು.

"ನಿಮ್ ತಾತ ಏನ್ ಕೆಲ್ಸದಲ್ಲಿದ್ದ ಗೊತ್ತೇನ್ಲಾ?"

"ರೈಲ್ವೇಲಿ" ಎಂದೆ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಅದೇ.

"ರೈಲ್ವೇಲೇ. ಸ್ಟೇಷನ್ನಲ್ಲಿ ಕೂಲಿ. ನಾನು ಐಟಿಐ ಓದಕ್ಕೆ ಹೊಂಟ ದಿವ್ಸ ನನ್ ಪೆಟ್ಟಿಗೆ ತಲೆ ಮ್ಯಾಲೆ ಹೊತ್ಕಂಡು ಬಂದ. ಜೊತೆ ಹುಡುಗ್ರು, ಯಾರೋ ಅದು ಅಂದ್ರು. ಕೂಲಿ ಅಂದೆ. ಅದೂ ಸುಳ್ಳಲ್ವಲ್ಲ. ಅಪ್ಪ ಪೆಟ್ಟಿಗೆ ಇಳ್ಸಿ ಕೈ ಒಡ್ಡಿ ನಿಂತ್ಕಂಡ. ನಾಲ್ಕಾಣೆ ಕೊಟ್ಟೆ. ಕಣ್ಣಿಗೊತ್ಕಂಡು, ಬತ್ತೀನಿ ಸ್ವಾಮಿ ಅಂದ."

ಹೊರಗೆ ಯಾವುದೋ ರೈಲು ಕೂಗಿತು. ಮಾವ ಸ್ಟೇಷನ್ನಿನ ಕಡೆ ತಲೆ ತಿರುಗಿಸಿದರು.

"ಹೇಳ್ಬೇಕು ಹೇಳ್ಬೇಕು ಅಂತ ಮೂರು ವರ್ಷ ಕಳ್ದೆ. ಅಷ್ಟ್ರಲ್ಲಿ ಅವ್ನೇ ಹೋಗ್ಬುಟ್ಟ. ನೀನು ವಾಸಿ ಕಣ್ಲಾ, ಎಂಟೇ ದಿನಕ್ಕೆ ಬಂದೆ."

ಮಾವ ಪಿಕಪ್ಪಿನಿಂದ ಅಷ್ಟೂ ತಂತಿಯನ್ನು ಬಿಚ್ಚತೊಡಗಿದರು.

"ಮಾತಾಡ್ಸಿ ಎಣಿಕೆ ತಪ್ಪಿಸ್ದೆ ನೋಡು. ಬಾ, ಕೂತ್ಕ. ನನ್ ಕಣ್ಣಿಗೆ ಈ ಎಳೆ ಕಾಣಾಕಿಲ್ಲ. ಎಳೆ ನೀನ್ ಹಿಡ್ಕ, ನೀನೇ ಎಣ್ಸು."

ಪಕ್ಕದಲ್ಲಿ ಕುಳಿತು ತಂತಿ ಹಿಡಿದೆ. ಕಣ್ಣು ಮಂಜಾಗಿ ನನಗೂ ಅದು ಕಾಣುತ್ತಿರಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಳ್ಳುವುದರಲ್ಲಿ ಎಣಿಸುವುದನ್ನೇ ಮರೆತೆ. ಮಾವ ಮೊದಲ ಸುತ್ತು ಹಾಕಿದರು. ಆಮೇಲೆ ಅವರೇ ಮೆಲ್ಲಗೆ, "ಒಂದು" ಎಂದರು.