ಮೃಗವಿನೋದದಲ್ಲಿ ಎಂಟು ಗಂಟೆ

ಒಂದು ದಿನವೆಂದರೆ ಎಂಟು ಗಂಟೆ ಎಂದು ವಿಹಾರಸ್ಥಳ ವರ್ಗೀಕರಣ ಇಲಾಖೆಯು ಹನ್ನೊಂದು ವರ್ಷಗಳ ಸಮಾಲೋಚನೆಯ ನಂತರ ತೀರ್ಮಾನಿಸಿತ್ತು. ಉಳಿದ ಹದಿನಾರು ಗಂಟೆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಸದರಿ ತೀರ್ಮಾನದ ಮೇರೆಗೆ ಜನ ಸುತ್ತಾಡಲು ಹೋಗುವ ಸಕಲ ಜಾಗಗಳನ್ನೂ ಎರಡೇ ದರ್ಜೆಯಾಗಿ ವಿಂಗಡಿಸಲಾಗಿತ್ತು: ಪೂರ್ಣ ದಿನಕ್ಕೆ ಯೋಗ್ಯವಾದವು, ಯೋಗ್ಯವಲ್ಲದವು. ಯಾವುದು ಯಾವುದೆಂದು ಅಳೆದು ಹೇಳಲು ಕಾಲ ಪರಿವೀಕ್ಷಕ ಎಂಬ ಹುದ್ದೆಯಿತ್ತು. ಆ ಹುದ್ದೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಲ್ಲಾಡದೆ ಕೂತಿದ್ದವನನ್ನು ಇಡೀ ಕಚೇರಿ ನಿಮಿಷಪ್ಪ ಎಂದು ಕರೆಯುತ್ತಿತ್ತು. ಹೆಂಡತಿ ಬೇರೆ ಏನೇನೋ ಕರೆಯುತ್ತಿದ್ದಳು, ಅವು ಕಡತದಲ್ಲಿಲ್ಲ.

ನಿಮಿಷಪ್ಪನ ಎಡಗೈಯಲ್ಲೊಂದು ವಾಚು, ಬಲಗೈಯಲ್ಲೊಂದು ವಾಚು. ಎರಡೂ ಒಂದೇ ಸಮಯ ತೋರಿಸಿದರೆ ಮಾತ್ರ ಅವನು ನಂಬುತ್ತಿದ್ದ. ‘ಮೃಗವಿನೋದ ಪಾರ್ಕು ಪೂರ್ಣ ದಿನದ ಭೇಟಿಗೆ ಯೋಗ್ಯವೇ?’ ಎಂಬ ಕಡತ ಮೂರು ವರ್ಷದಿಂದ ಅವನ ಮೇಜಿನ ಮೇಲಿತ್ತು. ಎರಡು ಸಲ ಹೋಗಿ ಅಳೆದಿದ್ದ. ಮೊದಲ ಸಲ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡನೇ ಸಲ ಒಂದು ಗಂಟೆ ಹನ್ನೊಂದು ನಿಮಿಷ. ಆದರೆ ನಡುವೆ ತಾನು ಶೂ ಲೇಸು ಕಟ್ಟಿಕೊಂಡದ್ದು ನೆನಪಾಗಿ ಆ ಒಂದು ನಿಮಿಷವನ್ನು ತಾನೇ ಕಳೆದ. ಅಂಥ ಪ್ರಾಮಾಣಿಕ.

ಈ ನಡುವೆ ಮೇಲಧಿಕಾರಿಗಳ ಭಾಮೈದ ಪಾರ್ಕಿನ ಎದುರಿಗೇ ನಲವತ್ತು ಕೋಣೆಗಳ ಲಾಡ್ಜು ಕಟ್ಟಿಸಿದ. ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದವರು ಲಾಡ್ಜಿನಲ್ಲಿ ಯಾಕೆ ಉಳಿಯುತ್ತಾರೆ? ಪೂರ್ಣ ದಿನದ ಫಲಕ ಬಿದ್ದರೆ ಮಾತು ಬೇರೆ. ಲಾಡ್ಜಿಗೂ ಕಡತಕ್ಕೂ ಯಾವುದೇ ಸಂಬಂಧವಿಲ್ಲವೆಂದು ಮೇಲಧಿಕಾರಿಗಳು ಯಾರೂ ಕೇಳದೆಯೇ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಮೂರನೆಯ ಪರಿವೀಕ್ಷಣೆಗೆ ಆದೇಶಿಸಿದರು. ಒಂಟಿ ಮನುಷ್ಯನಿಗೆ ಸಂತೋಷಪಡಲು ಬರುವುದಿಲ್ಲವಾದ್ದರಿಂದ ಈ ಬಾರಿ ಪರಿವೀಕ್ಷಕನು ಹೆಂಡತಿ ಮಕ್ಕಳ ಸಮೇತ ಹೋಗತಕ್ಕದ್ದು ಎಂದೂ ಸೇರಿಸಿದರು.

ಆದೇಶದಲ್ಲಿದ್ದದ್ದು ಶನಿವಾರ. ಅದೇ ಶನಿವಾರ ನಾಲ್ಕು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕ. ಎಂಟು ವರ್ಷದ ಹುಡುಗಿಗೆ ಆಮೆಯ ಪಾತ್ರ, ಇಡೀ ನಾಟಕದಲ್ಲಿ ಒಂದೇ ಒಂದು ಮಾತು. ಆ ಮಾತನ್ನು ಮೂರು ವಾರದಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕಲಿಯುತ್ತಿದ್ದಳು. ಹೊರಗೆ ಯಾರಿಗೂ ಹೇಳಿರಲಿಲ್ಲ.

“ಏನೇ ಪುಟ್ಟಿ ಅದು, ನನಗಾದ್ರೂ ಹೇಳೇ,” ಅಂತ ನಿಮಿಷಪ್ಪ ಕೇಳಿದರೆ, “ಸ್ಟೇಜ್ ಮೇಲೇ ಕೇಳ್ಬೇಕು. ಮುಂದಿನ ಸಾಲಲ್ಲಿ ಕೂತ್ಕೋಬೇಕು. ಬರ್ತೀನಿ ಅಂತ ಮಾತು ಕೊಡು,” ಎಂದಿದ್ದಳು. ಅವನು ಎರಡೂ ವಾಚು ನೋಡಿಕೊಂಡು ಮಾತು ಕೊಟ್ಟಿದ್ದ.

“ಅವತ್ತೇ ಹೋಗ್ಬೇಕಾ ನಿಮ್ಮ ಪಾರ್ಕಿಗೆ?” ಎಂದಳು ಹೆಂಡತಿ.

“ಒಂದು ಗಂಟೆ ಹತ್ತು ನಿಮಿಷದ ಜಾಗ ಕಣೇ. ನನಗಿಂತ ಚೆನ್ನಾಗಿ ಯಾರಿಗ್ಗೊತ್ತು? ಒಂಬತ್ತೂ ಮುಕ್ಕಾಲಿಗೆ ಒಳಗೆ, ಹತ್ತು ಐವತ್ತೈದಕ್ಕೆ ಹೊರಗೆ.”

ಮಗಳು ಮನೆಯಿಂದಲೇ ಆಮೆಯಾಗಿ ಹೊರಟಳು. ಬಟ್ಟೆ ಒಗೆಯಲು ಹಾಕುವ ಹಳೇ ಬುಟ್ಟಿಗೆ ಅಮ್ಮ ಹಸಿರು ಬಣ್ಣ ಬಳಿದು, ಹೆಗಲಿಗೆ ಪಟ್ಟಿ ಹೊಲಿದು ಚಿಪ್ಪು ಮಾಡಿಕೊಟ್ಟಿದ್ದಳು. ಬಿಚ್ಚಿದರೆ ಮತ್ತೆ ಕಟ್ಟಲು ಅರ್ಧ ಗಂಟೆ ಬೇಕು, ಆದ್ದರಿಂದ ಬಿಚ್ಚುವ ಪ್ರಶ್ನೆಯೇ ಇರಲಿಲ್ಲ. ಬಸ್ಸಿನಲ್ಲಿ ಅವಳು ಇಬ್ಬರ ಜಾಗ ಹಿಡಿದು ಕೂತಳು.

ಮೃಗವಿನೋದದಲ್ಲಿ ಎಲ್ಲವೂ ಮೊದಲಿನಂತೆಯೇ ಇತ್ತು. ಆನೆಯ ಮೂತಿ ಅಂಟಿಸಿದ ಪುಟ್ಟ ರೈಲು ನಾಲ್ಕು ನಿಮಿಷ ಸುತ್ತು ಹೊಡೆಯಿತು. ಜಿರಾಫೆಯ ಕತ್ತಿನ ಮೇಲಿಂದ ಮಕ್ಕಳು ಜಾರಿದರು. ಮೊಸಳೆಯ ಬಾಯಲ್ಲಿ ಕೈತೊಳೆಯುವ ನಲ್ಲಿ. ಸಿಂಹದ ಗುಹೆಯೊಳಗೆ ಗರ್ಜಿಸುತ್ತಿದ್ದದ್ದು ನೀರೆತ್ತುವ ಪಂಪು. ಇಡೀ ಪಾರ್ಕಿನಲ್ಲಿ ಜೀವವಿದ್ದದ್ದು ಒಂದು ಮೊಲ ಮಾತ್ರ, ಅದರ ಗೂಡಿನ ಮುಂದೆ ‘ಮೊಲ ರಜೆಯಲ್ಲಿದೆ’ ಎಂಬ ಹಲಗೆ ತೂಗುತ್ತಿತ್ತು. ಕಳೆದ ವರ್ಷವೂ ರಜೆಯಲ್ಲೇ ಇತ್ತು. ಹತ್ತು ಐವತ್ತೈದಕ್ಕೆ ಸರಿಯಾಗಿ ಮೂವರೂ ನಿರ್ಗಮನ ದ್ವಾರದ ಮುಂದೆ ನಿಂತರು, ನಿಮಿಷಪ್ಪ ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದ.

ದ್ವಾರಕ್ಕೆ ಬೀಗ ಹಾಕಿತ್ತು. ಬೀಗದ ಮೇಲೆ ಹೊಸ ಫಲಕ: ‘ಪ್ರವೇಶ ಬೆಳಿಗ್ಗೆ 9.45ಕ್ಕೆ ಮಾತ್ರ. ನಿರ್ಗಮನ ಸಂಜೆ 5.45ಕ್ಕೆ ಮಾತ್ರ. ನಿಮ್ಮ ಸಂತೋಷವೇ ನಮ್ಮ ಗುರಿ.’

ಪಾರ್ಕಿನ ಮ್ಯಾನೇಜರು ಅವರಿಗಾಗಿಯೇ ಕಾಯುತ್ತಿದ್ದವನಂತೆ ಕೈಮುಗಿದು ಬಂದ. “ಬನ್ನಿ ಸಾರ್. ಹೇಗಿದೆ? ನಿಮ್ಮ ನಿಯಮಾವಳೀನ ಹತ್ತು ಸಲ ಓದಿ ಮಾಡಿಸಿದ್ದು.”

“ಯಾವ ನಿಯಮ?”

“ಕಲಂ ನಾಲ್ಕು ಸಾರ್. ‘ಸಂದರ್ಶಕನು ಒಳಗೆ ಕಾಲಿಟ್ಟ ಕ್ಷಣದಿಂದ ಹೊರಗೆ ಕಾಲಿಟ್ಟ ಕ್ಷಣದವರೆಗಿನ ಅವಧಿಯನ್ನು ಭೇಟಿ ಎಂದು ಭಾವಿಸತಕ್ಕದ್ದು. ಆ ಅವಧಿಯಲ್ಲಿ ಆತ ಏನು ಮಾಡಿದನೆಂಬುದು ಪ್ರಸ್ತುತವಲ್ಲ.’ ಆನೆ ತರಿಸೋದು, ಹುಲಿ ತರಿಸೋದು ಅಂತ ಮೂರು ವರ್ಷ ತಲೆ ಕೆಡಿಸ್ಕೊಂಡ್ವಿ. ಕೊನೆಗೆ ನೋಡಿದ್ರೆ ಒಂದು ಬೀಗದಲ್ಲಿ ಮುಗೀತು.”

“ಇದು ಜೈಲಲ್ವೇನ್ರೀ?” ಎಂದಳು ಹೆಂಡತಿ.

“ಜೈಲಿಗೆ ಟಿಕೆಟ್ ಇರಲ್ಲ ಅಮ್ಮ,” ಎಂದ ಮ್ಯಾನೇಜರು ಬೇಸರಿಸದೆ.

ನಿಮಿಷಪ್ಪ ಕಲಂ ನಾಲ್ಕನ್ನು ಮನಸ್ಸಿನಲ್ಲೇ ಎರಡು ಸಲ ಓದಿದ. ಅದನ್ನು ಬರೆದ ಸಮಿತಿಯಲ್ಲಿ ಅವನೂ ಇದ್ದ. ತಪ್ಪು ಹುಡುಕಿದ, ಸಿಗಲಿಲ್ಲ. ಸಿಗದ್ದಕ್ಕೆ ಅವನಿಗೆ ಒಳಗೊಳಗೇ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ, ಅವನು ಅಂಥವನೇ.

“ತುರ್ತು ಇದ್ದೋರಿಗೆ ದಾರಿ ಇರ್ಬೇಕಲ್ಲ?” ಎಂದ.

“ಇದೆ ಸಾರ್. ಅರ್ಜಿ ಕೊಡ್ಬೇಕು. ಸ್ಥಳದಲ್ಲಿ ಹಾಜರಿರೋ ಅತ್ಯಂತ ಹಿರಿಯ ಸರ್ಕಾರಿ ನೌಕರರು ಅದನ್ನ ಪರಿಶೀಲಿಸಿ ತೀರ್ಮಾನ ಮಾಡ್ಬೇಕು.”

“ಅಂದ್ರೆ ಯಾರು?”

“ನೀವೇ ಸಾರ್.”

ಹೆಂಡತಿ ನಿಟ್ಟುಸಿರು ಬಿಟ್ಟಳು. “ಸದ್ಯ. ಸೈನ್ ಹಾಕಿ, ಹೋಗೋಣ.”

ನಿಮಿಷಪ್ಪ ಸೈನ್ ಹಾಕುವುದರಲ್ಲೇ ಇದ್ದ. ಆದರೆ ಇಪ್ಪತ್ತೆರಡು ವರ್ಷ ಒಂದು ಮಾತು ಕೇಳದೆ ಸಹಿ ಹಾಕಿದವನಲ್ಲ. ಮೇಲಧಿಕಾರಿಗಳಿಗೆ ಫೋನು ಮಾಡಿದ.

“ಏನ್ರೀ ಇದು,” ಎಂದರು ಮೇಲಧಿಕಾರಿಗಳು. “ಪರಿವೀಕ್ಷಣೆಗೆ ಹೋದ ಕುಟುಂಬವೇ ಅರ್ಧಕ್ಕೆ ಎದ್ದು ಬಂತು ಅಂತ ವರದೀಲಿ ಬರೀತೀರಾ? ಮತ್ತೆ ಅಯೋಗ್ಯ ಅಂತಾಗುತ್ತೆ. ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ? ಅದರ ಮೇಲೆ ಟೀ ಲೋಟ ಇಟ್ಟಿದೀನಿ. ಲೋಟ ಎತ್ಲೋ ಬೇಡ್ವೋ?”

“ಮಗಳದ್ದು ಒಂದು ನಾಟಕ ಇತ್ತು ಸಾರ್...”

“ಮಕ್ಕಳ ನಾಟಕ ವರ್ಷಾ ವರ್ಷಾ ಇರುತ್ತೆ. ಆದ್ರೂ ನಾನು ಒತ್ತಾಯ ಮಾಡಲ್ಲ. ಅಧಿಕಾರ ಪೂರ್ತಿ ನಿಮ್ಮದು.”

ಆ ಪೂರ್ತಿ ಅಧಿಕಾರ ಕೈಗೆ ಬಂದ ಮೇಲೆ ನಿಮಿಷಪ್ಪ ಮೊಸಳೆಯ ಬಾಯಿಗೆ ಹೋಗಿ ಮುಖ ತೊಳೆದುಕೊಂಡ. ವಾಪಸ್ಸು ಬಂದಾಗ ಮಗಳು ಚಿಪ್ಪು ಹೊತ್ತುಕೊಂಡೇ ನೆಲಕ್ಕೆ ಬಗ್ಗಿ, ಮ್ಯಾನೇಜರು ಕೊಟ್ಟ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಬರೆದು ಎರಡೂ ಕೈಯಲ್ಲಿ ತಂದು ಕೊಟ್ಟಳು. ‘ನನಗೆ ನಾಲ್ಕು ಗಂಟೆಗೆ ನಾಟಕ ಇದೆ. ನಾನು ಆಮೆ. ನಾನು ಹೋಗದಿದ್ದರೆ ಆಮೆ ಇರುವುದಿಲ್ಲ. ದಯವಿಟ್ಟು ಬಿಡಿ.’

“ದಿನಾಂಕ ಹಾಕಿಲ್ಲ ಪುಟ್ಟಿ,” ಎಂದ ನಿಮಿಷಪ್ಪ.

ಅವಳು ದಿನಾಂಕ ಹಾಕಿಕೊಟ್ಟಳು. ಅವನು ಓದಿದ. ನಾಟಕವು ತುರ್ತು ಸಂದರ್ಭವೆಂದು ಯಾವ ಕಲಮಿನಲ್ಲೂ ಇರಲಿಲ್ಲ. ಜ್ವರವಿದ್ದರೆ ತುರ್ತು. ಬೆಂಕಿ ಬಿದ್ದರೆ ತುರ್ತು. ಅರ್ಜಿದಾರಳು ನೋಡಲು ಆರೋಗ್ಯವಾಗಿದ್ದಳು, ಎಲ್ಲೂ ಬೆಂಕಿ ಬಿದ್ದಿರಲಿಲ್ಲ. ಅವನು ಹಾಳೆಯ ಕೆಳಗೆ ‘ಪರಿಶೀಲಿಸಿದೆ. ತಿರಸ್ಕರಿಸಿದೆ’ ಎಂದು ಬರೆದು, ಸಹಿ ಹಾಕಿ, ಎರಡು ವಾಚು ನೋಡಿ ಸಮಯವನ್ನೂ ನಮೂದಿಸಿದ. ಅಕ್ಷರ ಮುತ್ತಿನಂತಿತ್ತು.

ಮಗಳು ಅಳಲಿಲ್ಲ. ಹಾಳೆಯನ್ನು ಎರಡು ಸಲ ಓದಿ, ಮಡಿಸಿ, ಚಿಪ್ಪಿನ ಒಳಗೆ ಇಟ್ಟುಕೊಂಡಳು. “ನಿಮ್ಮಂಥೋರನ್ನ ಕಟ್ಕೊಂಡು...” ಎಂದು ಶುರುಮಾಡಿದ ಹೆಂಡತಿ ಮುಂದಿನದನ್ನು ನುಂಗಿಕೊಂಡಳು. ಅವಳ ಕಣ್ಣು ತುಂಬಿತ್ತು. ಮಗಳ ಕೈ ಹಿಡಿದು, ರಜೆಯಲ್ಲಿದ್ದ ಮೊಲದ ಗೂಡಿನ ಕಟ್ಟೆಯ ಮೇಲೆ ಹೋಗಿ ಕೂತಳು.

ಉಳಿದ ಸಂದರ್ಶಕರು ಮೊದಲ ಅರ್ಧ ಗಂಟೆ ಕೂಗಾಡಿದರು. ಗೋಡೆ ಹತ್ತಡಿ ಎತ್ತರವಿತ್ತು. ಆಮೇಲೆ ಚಾಪೆ ಬಾಡಿಗೆಗೆ ಸಿಗುತ್ತದೆಂದು ಗೊತ್ತಾಗಿ ಅದಕ್ಕಾಗಿ ಜಗಳವಾಡಿದರು. ಚಾಪೆ ಸಿಕ್ಕವರು ಸಿಗದವರನ್ನು ನೋಡಿ ಪಾರ್ಕು ಪರವಾಗಿಲ್ಲ ಅನ್ನತೊಡಗಿದರು. ಮಧ್ಯಾಹ್ನ ಒಂದು ಇಪ್ಪತ್ತೈದಕ್ಕೆ ಧ್ವನಿವರ್ಧಕ ಕೆಮ್ಮಿ, “ಸಂದರ್ಶಕರ ಗಮನಕ್ಕೆ. ತಾವು ಆನಂದಿಸುತ್ತಿದ್ದೀರಿ. ಇನ್ನೂ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಆನಂದಿಸಲಿದ್ದೀರಿ,” ಎಂದಿತು. ಒಬ್ಬ ಅಜ್ಜ ಚಾಪೆಯ ಮೇಲೆ ಮಗ್ಗುಲು ಬದಲಿಸಿ, “ಸಮಯ ಕರೆಕ್ಟಾಗಿ ಹೇಳ್ತಾರಪ್ಪ,” ಎಂದು ಮೆಚ್ಚಿಕೊಂಡ.

ಬೆಳಗಿನಿಂದ ಜೀವವಿರುವ ಒಂದು ಪ್ರಾಣಿಯನ್ನೂ ನೋಡಿರದ ಮಕ್ಕಳು ಮೆಲ್ಲನೆ ಮೊಲದ ಗೂಡಿನ ಮುಂದೆ ಗುಂಪುಗೂಡಿದವು. ಅಲ್ಲಿ ಆಮೆಯಿತ್ತು, ಅದು ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು. ಮಕ್ಕಳ ಹಿಂದೆ ತಾಯಂದಿರು ಬಂದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಆಮೆ ಕಟ್ಟೆಯ ಮೇಲೆ ಎದ್ದು ನಿಂತು ಅಮ್ಮನನ್ನು ಕೇಳಿತು, “ಅಮ್ಮ, ಈಗ ಅಲ್ಲಿ ಪರದೆ ಎಳೀತಾರೆ ಅಲ್ವಾ? ನಾನು ಇಲ್ಲೇ ಹೇಳ್ಬಿಡ್ಲಾ?”

“ಹೇಳು ಕಂದ,” ಎಂದಳು ತಾಯಿ.

ಅವಳು ಹೇಳಿದಳು. ಕೇಳಿದವರು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲಿ ನಿಮಿಷಪ್ಪ ಪಾರ್ಕಿನ ಆ ತುದಿಯಲ್ಲಿ, ಪಂಪು ಗರ್ಜಿಸುತ್ತಿದ್ದ ಸಿಂಹದ ಗುಹೆಯ ನೆರಳಲ್ಲಿ ಕೂತು ವರದಿಗೆ ಗೆರೆ ಎಳೆಯುತ್ತಿದ್ದ. ಅವನಿಗೆ ಕೇಳಿಸಿದ್ದು ಚಪ್ಪಾಳೆ ಮಾತ್ರ.

ಅವನು ಓಡಿ ಬರುವಷ್ಟರಲ್ಲಿ ಮ್ಯಾನೇಜರು ಕಟ್ಟೆಯ ಸುತ್ತ ಹಗ್ಗ ಕಟ್ಟಿಸಿ, ಕಾವಲುಗಾರನನ್ನು ನಿಲ್ಲಿಸಿ, ಸೀಮೆಸುಣ್ಣದಲ್ಲಿ ‘ಮಾತನಾಡುವ ಆಮೆ. ಒಬ್ಬರಿಗೆ ಒಂದು ನಿಮಿಷ’ ಎಂದು ಬರೆಸಿದ್ದ. ಸಾಲು ಜಿರಾಫೆಯನ್ನು ಸುತ್ತಿ ರೈಲಿನ ಹಳಿಯವರೆಗೆ ಹೋಗಿತ್ತು. ಬೆಳಗಿನಿಂದ ಮಾಡಲು ಕೆಲಸವಿಲ್ಲದೆ ಒದ್ದಾಡಿದ ಜನಕ್ಕೆ ನಿಲ್ಲಲು ಒಂದು ಸಾಲು ಸಿಕ್ಕಿ ಮುಖದಲ್ಲಿ ಕಳೆ ಬಂದಿತ್ತು.

“ನಾನು ಅವಳಪ್ಪ,” ಎಂದ ನಿಮಿಷಪ್ಪ.

“ಇರ್ಬಹುದು ಸಾರ್,” ಎಂದ ಕಾವಲುಗಾರ. “ಸಾಲು ಆ ಕಡೆಯಿಂದ.”

ಹೆಂಡತಿ ಹಗ್ಗದ ಒಳಗಿನಿಂದ ಅವನನ್ನು ನೋಡಿ, ಮಗಳ ಚಿಪ್ಪಿನ ಪಟ್ಟಿ ಬಿಗಿಮಾಡಿದಳು. ಸಾಲು ಎಂದ ಮೇಲೆ ಸಾಲು. ನುಗ್ಗುವುದು ಅವನ ಜಾಯಮಾನವಲ್ಲ. ಅವನು ಹಳಿಯ ಹತ್ತಿರ ಹೋಗಿ ಕೊನೆಯವನಾಗಿ ನಿಂತ. ಒಬ್ಬೊಬ್ಬರೇ ಹಗ್ಗ ದಾಟಿ, ಬಗ್ಗಿ, ಆಮೆಯ ಮಾತು ಕೇಳಿ, ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಲೋ ನಗುತ್ತಲೋ ಹೊರಬರುತ್ತಿದ್ದರು. “ಏನಂತು?” ಎಂದು ಅವನು ಕೇಳಿದರೆ, “ನೀವೇ ಕೇಳ್ಬೇಕು ಬಿಡಿ,” ಅನ್ನುತ್ತಿದ್ದರು. ಅವನು ಒಬ್ಬೊಬ್ಬರಿಗೂ ವಾಚು ನೋಡುತ್ತಿದ್ದ. ನಿಜವಾಗಿಯೂ ಒಂದೊಂದೇ ನಿಮಿಷ ಹಿಡಿಯುತ್ತಿತ್ತು, ದೂರುವಂತಿರಲಿಲ್ಲ.

ಅವನ ಮುಂದೆ ಚಾಪೆಯ ಅಜ್ಜ ಒಬ್ಬನೇ ಉಳಿದಾಗ ಗಂಟೆ ಬಾರಿಸಿದರು. ಐದೂ ನಲವತ್ತೈದು. ಬೀಗ ತೆಗೆದರು, ಹಗ್ಗ ಬಿಚ್ಚಿದರು. “ಆಮೆ ಮುಗೀತು, ಎಲ್ಲಾ ಹೊರಡಿ,” ಎಂದ ಕಾವಲುಗಾರ. ಅಮ್ಮ ಚಿಪ್ಪು ಬಿಚ್ಚಿದಳು. ಒಳಗೆ ಮಗಳ ಅಂಗಿ ಬೆವರಿನಲ್ಲಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಸೋಮವಾರ ವರದಿ ಸಲ್ಲಿಕೆಯಾಯಿತು. ಪ್ರಾಣಿಗಳ ವೀಕ್ಷಣೆ: ಒಂದು ಗಂಟೆ ಹತ್ತು ನಿಮಿಷ. ವಿಶ್ರಾಂತಿ ಮತ್ತು ಚಿಂತನೆ: ಐದು ಗಂಟೆ. ಆಮೆ, ಸಾಲು ಸಮೇತ: ಒಂದು ಗಂಟೆ ಐವತ್ತು ನಿಮಿಷ. ಒಟ್ಟು ಎಂಟು ಗಂಟೆ. ಷರಾ: ಪೂರ್ಣ ದಿನದ ಭೇಟಿಗೆ ಯೋಗ್ಯ. ಶೂ ಲೇಸು ಈ ಸಲ ಬಿಚ್ಚಲಿಲ್ಲ. ಮೇಲಧಿಕಾರಿಗಳು ಟೀ ಲೋಟ ಎತ್ತಿದರು. ಬಡ್ತಿ ಆದೇಶದ ಮೇಲೆ ದುಂಡನೆಯ ಕಲೆ ಬಿದ್ದಿತ್ತು, ಆದರೂ ಊರ್ಜಿತವಾಗಿತ್ತು. ಲಾಡ್ಜಿನ ನಲವತ್ತು ಕೋಣೆಗಳೂ ಭರ್ತಿಯಾದವು. ಆಮೆ ಬರಲಿಲ್ಲವೆಂದು ಅಸಮಾಧಾನಗೊಂಡಿದ್ದ ಶಾಲೆಯವರು ಯೋಚಿಸಿ, ಮುಂದಿನ ವರ್ಷದ ನಾಟಕವನ್ನು ಪಾರ್ಕಿನಲ್ಲೇ ಇಟ್ಟುಕೊಂಡರು. ಅಲ್ಲಿ ಪ್ರೇಕ್ಷಕರು ನಡುವೆ ಎದ್ದು ಹೋಗುವಂತಿಲ್ಲ ಎಂಬುದು ಮುಖ್ಯೋಪಾಧ್ಯಾಯಿನಿಗೆ ತುಂಬ ಹಿಡಿಸಿತ್ತು.

ಬಡ್ತಿ ಬಂದ ಸಂಜೆ ನಿಮಿಷಪ್ಪ ಸಿಹಿ ತಂದು ಮಗಳ ಪಕ್ಕ ಕೂತ. “ಪುಟ್ಟಿ, ಊರೆಲ್ಲ ಕೇಳಿದೆ. ನನಗೂ ಒಂದ್ಸಲ ಹೇಳೇ ಆ ಮಾತು.”

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಅರ್ಜಿ ಬರ್ಕೊಡು ಅಪ್ಪ.”

ನಿಮಿಷಪ್ಪ ನಗಲಿಲ್ಲ. ಬಿಳಿ ಹಾಳೆ ತಂದು, ಅಂಚು ಮಡಿಸಿ, ವಿಷಯ, ಉಲ್ಲೇಖ, ಕೋರಿಕೆ ಎಲ್ಲವನ್ನೂ ಕ್ರಮವಾಗಿ ಬರೆದು, ದಿನಾಂಕ ಹಾಕಿ ಎರಡೂ ಕೈಯಲ್ಲಿ ಕೊಟ್ಟ. ಅವಳು ಎರಡು ಸಲ ಓದಿದಳು. ಪೆನ್ಸಿಲಿನ ಮೊನೆ ಮಾಡಿಕೊಂಡು ಕೆಳಗೆ ಬರೆದಳು: ‘ಪರಿಶೀಲಿಸಿದೆ. ತಿರಸ್ಕರಿಸಿದೆ.’ ಆಮೇಲೆ ಅವನ ಎಡಗೈ ಎಳೆದು ನೋಡಿ, ಬಲಗೈ ಎಳೆದು ನೋಡಿ, ಸಮಯ ನಮೂದಿಸಿದಳು.

ಅವನು ಹಾಳೆಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ಪರಿಶೀಲಿಸಿದ. ಅಕ್ಷರ ದುಂಡಗಿತ್ತು, ನಮೂನೆ ಸರಿಯಿತ್ತು, ಆಕ್ಷೇಪಿಸಲು ಏನೂ ಸಿಗಲಿಲ್ಲ. ಎರಡು ತೂತು ಹಾಕಿ, ದಾರ ಪೋಣಿಸಿ, ಕಡತಕ್ಕೆ ಸೇರಿಸಿದ.