ಹನ್ನೆರಡನೆಯ ತೂತು

ತೊಂದರೆ ಶುರುವಾದದ್ದು ಅವನು ಕೆಲಸವನ್ನು ಚೆನ್ನಾಗಿ ಮಾಡಿದ್ದರಿಂದ.

ಕಂಪ್ಯೂಟರ್ ಭದ್ರತೆ ಕಲಿತು ಒಂದೂವರೆ ವರ್ಷವಾಗಿತ್ತು. ಅಷ್ಟರಲ್ಲಿ ಮೂವತ್ತೊಂದು ಅರ್ಜಿ. ಹೊಸಬರಿಗೆಂದು ಕರೆದ ಕೆಲಸಕ್ಕೇ ಐದು ವರ್ಷದ ಅನುಭವ ಕೇಳಿದವರು ಕೆಲವರು. ಉಳಿದವರು ನಾಲ್ಕು ಸುತ್ತು ಮಾತಾಡಿಸಿ, ಹತ್ತಿಯ ಮೂಟೆಗೆ ಬಿದ್ದ ಕಲ್ಲಿನಂತೆ ಸದ್ದಿಲ್ಲದೆ ಹೋದವರು. ಅವನ ನಿರೀಕ್ಷೆಯೂ ಸವೆದು ಸವೆದು ಇಷ್ಟಾಗಿತ್ತು: ಇಲ್ಲ ಎನ್ನುವುದಾದರೆ, ಇಲ್ಲ ಎಂದು ಯಾರಾದರೂ ಹೇಳಲಿ.

ಈ ಸಲದ್ದು ಐದನೆಯ ಸುತ್ತು, ಕೊನೆಯದು. ಬೆಳಿಗ್ಗೆ ಎಂಟಕ್ಕೆ ಕಂಪನಿಯ ಪತ್ರ ಬಂತು. ತಮ್ಮ ಜಾಲತಾಣದೊಳಗೆ ಕಳ್ಳರು ನುಗ್ಗಬಹುದಾದ ತೂತುಗಳನ್ನು ಹುಡುಕಿ, ಮುಚ್ಚುವ ದಾರಿಯನ್ನೂ ಬರೆದು, ಮಧ್ಯಾಹ್ನ ಒಂದರೊಳಗೆ ಕಳಿಸಬೇಕು.

"ಇವತ್ತಾದ್ರೂ ಆಗುತ್ತೇನೋ?" ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ಅವನಿದ್ದದ್ದು ಅವಳ ಮನೆಯ ಹೊರಗಿನ ಕೋಣೆಯಲ್ಲಿ. ಭಾನುವಾರ ಅವಳ ಅತ್ತೆ ಬರುವವರಿದ್ದರು. ಮಂಚವೂ ಸೇರಿ ಕೋಣೆ ಅವರಿಗೆ. ಕೆಲಸದ ಪತ್ರ ತೋರಿಸದವನಿಗೆ ಬೇರೆಲ್ಲೂ ಬಾಡಿಗೆಗೆ ಕೋಣೆ ಸಿಗುತ್ತಿರಲಿಲ್ಲ.

"ಆಗ್ಬೇಕು ಅಕ್ಕ."

"ನಿನ್ ಭಾವ ಏನೂ ಅಂದಿಲ್ಲ. ಅವರು ಏನೂ ಅನ್ನದೇ ಇರೋದೇ ನಂಗೆ ಭಯ."

ಒಂಬತ್ತಕ್ಕೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬಂದು ಮಂಚದ ಮೇಲೆ ಕೂತರು. ಬೀದಿಯಲ್ಲಿ ಎಲ್ಲರೂ ಅವರನ್ನು ಸಲಹೆ ಮಾಮ ಎನ್ನುತ್ತಿದ್ದರು, ಅವರಿಗೆ ಕೇಳಿಸದ ಹಾಗೆ.

"ಈ ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಡಪ್ಪ. ನೀನು ಹೇಗೂ ಖಾಲಿ ಕೂತಿದ್ದೀಯ."

ಮಾಡಿಕೊಟ್ಟ. ಹತ್ತಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಕೊನೆಯುಸಿರೆಳೆಯುತ್ತಿತ್ತು. ಮಾಮ ತಮ್ಮ ಮನೆಯ ಇನ್ವರ್ಟರಿನಿಂದ ಕಿಟಕಿಯ ಮೂಲಕ ವೈರು ಎಳೆದುಕೊಟ್ಟರು, ತಾವೇ ಅದಕ್ಕೆ ಎಡವಿ ಎರಡು ಸಲ ಕಿತ್ತರು. ಅಂಥದ್ದರಲ್ಲೂ ಅವನು ಹನ್ನೊಂದು ತೂತು ಹುಡುಕಿದ. ಒಂದನ್ನೂ ಬಿಡದೆ ಬರೆದು, ಮಧ್ಯಾಹ್ನ ಒಂದಕ್ಕೆ ಇನ್ನೂ ಐದು ನಿಮಿಷವಿದ್ದಾಗ ಕಳಿಸಿದ.

ನಾಲ್ಕಕ್ಕೆ ಕಂಪನಿಯ ನೇಮಕಾತಿ ಮೇಡಂ ಫೋನ್ ಮಾಡಿದರು.

"ತುಂಬಾ ಚೆನ್ನಾಗಿ ಮಾಡಿದ್ದೀರಿ. ನಮ್ಮವರು ಹನ್ನೊಂದನ್ನೂ ಮುಚ್ಚಿ ಆಯ್ತು."

"ಹಾಗಾದ್ರೆ ನಾನು ಯಾವತ್ತಿಂದ ಬರ್ಲಿ ಮೇಡಂ?"

"ಅದೇ ಹೇಳೋಣ ಅಂತ. ಇವನ್ನ ಹುಡುಕೋಕೇ ಒಬ್ಬರು ಬೇಕಿತ್ತು. ಈಗ ಹುಡುಕಿ ಆಯ್ತಲ್ಲ, ಹುದ್ದೆ ರದ್ದಾಗಿದೆ. ನಿಮಗೆ ಒಳ್ಳೇದಾಗ್ಲಿ."

ಫೋನು ಸ್ಪೀಕರಿನಲ್ಲಿತ್ತು. ಕಿಟಕಿಯಾಚೆ ವೈರು ಸುತ್ತುತ್ತಿದ್ದ ಮಾಮ ಎಲ್ಲ ಕೇಳಿಸಿಕೊಂಡಿದ್ದರು.

"ಹನ್ನೊಂದೂ ಕೊಟ್ಬಿಟ್ಯಾ? ಒಂದಾದ್ರೂ ಕೈಲಿಟ್ಕೋಬಾರ್ದಿತ್ತೇನೋ? ನಾನು ಮೂವತ್ತು ವರ್ಷ ನೌಕರಿ ಮಾಡಿದ್ದು ಹೇಗೆ ಅಂದ್ಕೊಂಡೆ? ಯಾವಾಗ್ಲೂ ಒಂದು ಫೈಲು ನನ್ ಡ್ರಾಯರಲ್ಲೇ ಇರ್ತಿತ್ತು."

"ಈಗೇನ್ ಮಾಡ್ಲಿ ಮಾಮ?"

"ಹನ್ನೆರಡನೇದೊಂದಿದೆ, ಕೆಲಸ ಕೊಟ್ರೆ ಹೇಳ್ತೀನಿ ಅಂತ ಬರಿ."

"ಇಲ್ವಲ್ಲ."

"ಇಲ್ಲ ಅಂತ ಅವರಿಗೇನ್ ಗೊತ್ತು?"

ಅವನು ಭಾನುವಾರವನ್ನು ನೆನೆದು ಬರೆದ. ಆರೇ ನಿಮಿಷದಲ್ಲಿ ಉತ್ತರ ಬಂತು, ಕಂಪನಿಯ ಕಾನೂನು ವಿಭಾಗದಿಂದ. ತೂತನ್ನು ಬಚ್ಚಿಟ್ಟುಕೊಂಡು ಕೆಲಸ ಕೇಳುವುದು ಬೆದರಿಕೆ. ವಿವರವನ್ನು ಕೂಡಲೇ ಕೊಡದಿದ್ದರೆ ಪೊಲೀಸರಿಗೆ ದೂರು.

ಅವನು ನಿಜ ಬರೆದ. ಹನ್ನೆರಡನೆಯದು ಇಲ್ಲ, ಸುಳ್ಳು ಹೇಳಿದೆ, ಕ್ಷಮಿಸಿ.

ಮತ್ತೆ ಉತ್ತರ. ಹಾಗಿದ್ದರೆ ಅದು ಇಲ್ಲವೆಂದು ಸಾಬೀತು ಮಾಡಿ.

ಒಂದು ಜಾಲತಾಣದಲ್ಲಿ ಇನ್ನು ತೂತೇ ಇಲ್ಲವೆಂದು ಸಾಬೀತು ಮಾಡಿದವರು ಅವನ ಕಸುಬಿನಲ್ಲಿ ಇದುವರೆಗೆ ಯಾರೂ ಇಲ್ಲ. ಪತ್ರದ ಕೆಳಗೆ ಇನ್ನೂ ಎರಡು ಸಾಲಿದ್ದವು. ಓದಿ ತಲೆಯೆತ್ತುವಷ್ಟರಲ್ಲಿ ಮಾಮ ವೈರಿನ ಸಮೇತ ಮಾಯವಾಗಿದ್ದರು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ಏನಂದ್ರೋ?"

"ಸೋಮವಾರ ಹತ್ತಕ್ಕೆ ಆಫೀಸಿಗೆ ಬರ್ಬೇಕಂತೆ."

ಅವಳು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ಅವನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

"ಅಂತೂ ಆಯ್ತಲ್ಲ. ಜೊತೆಗೆ ಏನ್ ತರೋಕೆ ಹೇಳಿದ್ದಾರೆ? ಸರ್ಟಿಫಿಕೇಟಾ?"

"ಅಲ್ಲ," ಎಂದ ಅವನು. "ವಕೀಲರನ್ನ."